ಗುಡ್ಡದ ಬಲಿಪೀಠ ಕೆಡವಿದವನೇ ಒಳ್ಳೆಯ ಅರಸ

ಬೈಬಲಿನ ಅರಸುಗಳ ಗ್ರಂಥದಲ್ಲಿ ಒಂದು ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಈ ಅರಸ ಇಸ್ರಾಯೇಲರ ದೇವರಾದ ಯೆಹೋವನ ದೃಷ್ಟಿಯಲ್ಲಿ ಒಳ್ಳೆಯವನೇ, ಆದರೆ ಪೂಜಾಸ್ಥಳಗಳನ್ನು ಮಾತ್ರ ತೆಗೆಸಲಿಲ್ಲ. ದಕ್ಷಿಣದ ಯೆಹೂದ ರಾಜ್ಯದ ಆಸ, ಯೆಹೋಷಾಫಾಟ, ಯೆಹೋವಾಷ ಎಲ್ಲರಿಗೂ ಈ ‘ಆದರೆ’ ಅಂಟಿಕೊಂಡಿದೆ. ಯುದ್ಧ ಗೆದ್ದದ್ದು, ಪಟ್ಟಣ ಕಟ್ಟಿಸಿದ್ದು ಲೆಕ್ಕಕ್ಕೇ ಇಲ್ಲ. ಉತ್ತರದ ಇಸ್ರಾಯೇಲ್ ರಾಜ್ಯದ ಅರಸ ಒಮ್ರಿ ಸತ್ತು ನೂರು ವರ್ಷ ಕಳೆದರೂ ಅಶ್ಶೂರದವರು ಆ ನಾಡನ್ನು ‘ಒಮ್ರಿಯ ಮನೆ’ ಎನ್ನುತ್ತಿದ್ದರು; ಗ್ರಂಥ ಅವನನ್ನು ಏಳೆಂಟು ವಚನಗಳಲ್ಲಿ ಮುಗಿಸಿಬಿಡುತ್ತದೆ.

ಪೂಜಾಸ್ಥಳವೆಂದರೆ ಗುಡ್ಡದ ಮೇಲೋ ಊರಬಾಗಿಲಲ್ಲೋ ಇದ್ದ ಬಲಿಪೀಠ, ನೆಟ್ಟ ಕಲ್ಲು, ಅಶೇರ ದೇವಿಯ ಕಂಬ. ಅಲ್ಲಿ ಪೂಜೆಗೊಳ್ಳುತ್ತಿದ್ದವನು ಅನೇಕ ಕಡೆ ಯೆಹೋವನೇ. ಸೀನಾಯ್ ಮರುಭೂಮಿಯ ಕುಂತಿಲ್ಲತ್ ಅಜ್ರುದ್‌ನಲ್ಲಿ ಸಿಕ್ಕ, ಕ್ರಿ.ಪೂ. 800ರ ಆಸುಪಾಸಿನ ಜಾಡಿಯ ಮೇಲೆ ‘ಸಮಾರ್ಯದ ಯೆಹೋವ ಮತ್ತು ಅವನ ಅಶೇರ’ರ ಹೆಸರಲ್ಲಿ ಆಶೀರ್ವಾದವೇ ಇದೆ.

ಇವನ್ನು ಕೆಡವಲು ಮೊದಲು ಕೈ ಹಾಕಿದವನು ಯೆಹೂದದ ಅರಸ ಹಿಜ್ಕೀಯ. ಮೋಶೆ ಮಾಡಿಸಿದ್ದೆಂದು ಜನ ಧೂಪ ಹಾಕುತ್ತಿದ್ದ ತಾಮ್ರದ ಸರ್ಪವನ್ನೂ ಒಡೆಸಿದ. ಕ್ರಿ.ಪೂ. 701ರಲ್ಲಿ ಜೆರುಸಲೇಮಿಗೆ ಬಂದ ಅಶ್ಶೂರದ ದೂತ ಇದನ್ನೇ ಎತ್ತಿ ಗೋಡೆ ಮೇಲಿದ್ದವರನ್ನು ಕೆಣಕಿದ: ಯೆಹೋವನನ್ನು ನಂಬುತ್ತೀರಾ? ಅವನ ಬಲಿಪೀಠಗಳನ್ನೇ ಅಲ್ಲವೇ ನಿಮ್ಮ ಅರಸ ಕೆಡವಿದ್ದು? ವೈರಿಯ ಮಾತಾದರೂ ಊರ ಜನರ ಮನಸ್ಸಿನಲ್ಲಿದ್ದ ಪ್ರಶ್ನೆ ಅದೇ ಇದ್ದೀತು. ಯೆಹೂದದ ದಕ್ಷಿಣದಂಚಿನ ಬೇರ್ಷೆಬದಲ್ಲಿ 1973ರಲ್ಲಿ ಉಗ್ರಾಣದ ಗೋಡೆಯೊಳಗೆ ಬಲಿಪೀಠವೊಂದರ ಕೊಂಬಿನ ಕಲ್ಲುಗಳು ಸಿಕ್ಕವು. ಜೊತೆಗಿದ್ದ ಇನ್ನೊಂದು ಕಲ್ಲಿನ ಮೇಲೆ ಹಾವಿನ ಗೀರುಚಿತ್ರ. ಅರಾದ್‌ನ ಗುಡಿಯಲ್ಲಿ ಎರಡು ಧೂಪಪೀಠಗಳನ್ನು ಒಡೆಯದೆ, ಜೋಪಾನವಾಗಿ ಮಲಗಿಸಿ ಮಣ್ಣು ಮುಚ್ಚಿದ್ದರು. ಯಾರದೋ ಕೈ ಒಡೆಯಲು ಒಪ್ಪಲಿಲ್ಲವೇನೋ.

ಹಿಜ್ಕೀಯನ ಮಗ ಮನಸ್ಸೆ ಎಲ್ಲವನ್ನೂ ಮತ್ತೆ ಕಟ್ಟಿಸಿದ. ಕ್ರಿ.ಪೂ. 622ರ ಸುಮಾರಿಗೆ, ಮನಸ್ಸೆಯ ಮೊಮ್ಮಗ ಯೋಷೀಯನ ಕಾಲದಲ್ಲಿ, ದೇವಾಲಯದ ರಿಪೇರಿ ನಡೆದಿದ್ದಾಗ ಮಹಾಯಾಜಕ ಹಿಲ್ಕೀಯನಿಗೆ ಧರ್ಮೋಪದೇಶದ ಸುರುಳಿಯೊಂದು ಸಿಕ್ಕಿತು. ಲೇಖಕ ಶಾಫಾನ ಓದಿದ್ದು ಕೇಳಿ ಅರಸ ಬಟ್ಟೆ ಹರಿದುಕೊಂಡ. ಅದನ್ನು ದೇವರ ಮಾತೆಂದು ಖಚಿತಪಡಿಸಿದವಳು ಹುಲ್ದಾ ಎಂಬ ಪ್ರವಾದಿನಿ. ಅದು ಬಲಿ ಒಂದೇ ಸ್ಥಳದಲ್ಲಿರಬೇಕೆನ್ನುವ ಬೈಬಲಿನ ಧರ್ಮೋಪದೇಶಕಾಂಡದ ಮೂಲರೂಪ ಎಂಬ ವಾದಕ್ಕೆ ಜರ್ಮನ್ ವಿದ್ವಾಂಸ ಡಿ ವೆಟ್ಟೆ 1805ರಲ್ಲೇ ಬುನಾದಿ ಹಾಕಿದ.

ಆಮೇಲೆ ದೇವಾಲಯದಿಂದ ಹೊರಬಿದ್ದವುಗಳ ಪಟ್ಟಿ ನೋಡಬೇಕು: ಅಶೇರ ಕಂಬ, ಸೂರ್ಯನ ಕುದುರೆಗಳು, ಅಶೇರಳಿಗಾಗಿ ಹೆಂಗಸರು ನೇಯುತ್ತಿದ್ದ ಕೋಣೆಗಳು. ರಾಜ್ಯದ ಒಂದು ತುದಿಯ ಗೆಬದಿಂದ ಇನ್ನೊಂದು ತುದಿಯ ಬೇರ್ಷೆಬದವರೆಗೆ ಪೂಜಾಸ್ಥಳಗಳನ್ನು ಪೂಜೆಗೆ ಬಾರದಂತೆ ಅರಸ ಹೊಲಸು ಮಾಡಿಸಿದ. ಅಲ್ಲಿನ ಯಾಜಕರಿಗೆ ಜೆರುಸಲೇಮಿನ ಬಲಿಪೀಠ ಹತ್ತುವ ಹಕ್ಕಿಲ್ಲ, ಹುಳಿಯಿಲ್ಲದ ರೊಟ್ಟಿಯಲ್ಲಿ ಪಾಲು ಮಾತ್ರ. ಬಲಿಪೀಠ ಒಂದೇ ಆದಮೇಲೆ ಊರಲ್ಲಿ ಕುರಿ ಕೊಯ್ಯುವುದೆಲ್ಲಿ? ಧರ್ಮೋಪದೇಶಕಾಂಡ ಅದಕ್ಕೂ ದಾರಿ ಕೊಟ್ಟಿದೆ: ರಕ್ತವನ್ನು ನೆಲಕ್ಕೆ ಸುರಿದು ಮನೆಯಲ್ಲೇ ತಿನ್ನಿ. ಬಾಡೂಟ ಬಲಿಯಿಂದ ಬೇರೆಯಾಯಿತು. ಇದನ್ನು ಪುನಃಸ್ಥಾಪನೆ ಎನ್ನುವುದು ರೂಢಿ. ನನಗಂತೂ ಹೊಸ ಏರ್ಪಾಡಾಗಿಯೇ ಕಾಣುತ್ತದೆ.

ಕ್ರಿ.ಪೂ. 609ರಲ್ಲಿ ಮೆಗಿದ್ದೋದಲ್ಲಿ ಐಗುಪ್ತದ (ಈಜಿಪ್ಟಿನ) ಫರೋಹ ನೆಕೋ ಯೋಷೀಯನನ್ನು ಕೊಂದ. 586ರ ಹೊತ್ತಿಗೆ ಜೆರುಸಲೇಮೇ ಸುಟ್ಟುಹೋಗಿತ್ತು. ಐಗುಪ್ತಕ್ಕೆ ಓಡಿಹೋದ ಹೆಂಗಸರು ಪ್ರವಾದಿ ಯೆರೆಮೀಯನಿಗೆ ಎದುರಾಡಿದರು: ಗಗನದ ಒಡತಿಗೆ ಧೂಪ ಹಾಕುತ್ತಿದ್ದಾಗ ಹೊಟ್ಟೆ ತುಂಬಿತ್ತು, ನಿಲ್ಲಿಸಿದ ಮೇಲೆ ಕತ್ತಿ, ಬರ. ಆ ಧೂಪದಿಂದಲೇ ಇಷ್ಟೆಲ್ಲ ಆಯಿತು ಎಂದ ಯೆರೆಮೀಯ.