ಹಂಚಿನ ಚೂರು ಮತ್ತು 88 ಜಿಗಿತ

ಅಘನಾಶಿನಿ ಹೊಳೆಯ ಹಿನ್ನೀರಿನ ಬದಿಯಲ್ಲಿ ಬೆಳೆದವರಿಗೆ ಈ ಆಟ ಯಾರೂ ಹೇಳಿಕೊಡಬೇಕಿಲ್ಲ. ಒಡೆದ ಹಂಚಿನ ಚೂರು ಹುಡುಕುವುದು, ಸೊಂಟ ಬಗ್ಗಿಸಿ ಬೀಸುವುದು, ನೀರಿನ ಮೇಲೆ ಎಷ್ಟು ಸಲ ಕುಪ್ಪಳಿಸಿತು ಅಂತ ಎಣಿಸುವುದು. ನನ್ನ ದಾಖಲೆ 11. ಅದರಲ್ಲಿ ಕೊನೆಯ ಎರಡನ್ನು ನನ್ನ ತಮ್ಮ ಇವತ್ತಿಗೂ ಒಪ್ಪುವುದಿಲ್ಲ.

ವಿಶ್ವದಾಖಲೆ 88. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2013ರ ಸೆಪ್ಟೆಂಬರ್ 6ರಂದು ಕರ್ಟ್ ಸ್ಟೈನರ್ ಎಸೆದ ಕಲ್ಲು ಅಷ್ಟು ಸಲ ಜಿಗಿಯಿತು. ಕೊನೆಕೊನೆಗೆ ಜಿಗಿತಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡಂತೆ ಬರುವುದರಿಂದ ಬರಿಗಣ್ಣಿನ ಲೆಕ್ಕ ನಡೆಯುವುದಿಲ್ಲ, ವಿಡಿಯೋ ನಿಧಾನ ಮಾಡಿಯೇ ಎಣಿಸಬೇಕು.

ಹೋದ ರಜೆಯಲ್ಲಿ ನನಗೂ ತಲೆಗೆ ಹುಳ ಹೊಕ್ಕಿತು. 88 ಬಿಡಿ, ಅದರ ಕಾಲು ಭಾಗವಾದರೂ ಆಗಬಾರದೇ? ಮೊದಲ ದಿನ ಜೀವ ಬಿಟ್ಟು ಎಸೆದೆ. ಭುಜ ನೋವು ಬಂತು, ಚೂರುಗಳು ಡುಬುಕ್ ಅಂತ ಮುಳುಗಿದವು.

ತಪ್ಪು ಎಲ್ಲಿತ್ತು ಅಂದರೆ, ಇದು ತೋಳಿನ ಆಟವೇ ಅಲ್ಲ. ಫ್ರಾನ್ಸಿನ ಭೌತವಿಜ್ಞಾನಿ ಲಿಡೆರಿಕ್ ಬೊಕೆ 2003ರಲ್ಲಿ ಇದರ ಲೆಕ್ಕ ಹಾಕಿದ್ದರು. 1992ರಲ್ಲಿ ಟೆಕ್ಸಾಸ್‌ನಲ್ಲಿ ದಾಖಲಾದ 38 ಜಿಗಿತಕ್ಕೆ ಬೇಕಾಗುವ ವೇಗ ಸೆಕೆಂಡಿಗೆ ಸುಮಾರು 12 ಮೀಟರ್, ಅಂದರೆ ಗಂಟೆಗೆ 43 ಕಿ.ಮೀ. ನಮ್ಮ ಹೆದ್ದಾರಿಯಲ್ಲಿ ಮೀನಿನ ಬುಟ್ಟಿ ಕಟ್ಟಿಕೊಂಡ ಸ್ಕೂಟರೂ ಅಷ್ಟು ಓಡುತ್ತದೆ! ಅದೇ ಲೆಕ್ಕವನ್ನು 88ಕ್ಕೆ ಎಳೆದರೂ 65 ಕಿ.ಮೀ. ಆಸುಪಾಸು ಬರುತ್ತದೆ, ವೇಗದ ಬೌಲರ್‌ನ ಅರ್ಧವೂ ಇಲ್ಲ. ಆದರೆ ಆ 38ಕ್ಕೆ ಕಲ್ಲು ಸೆಕೆಂಡಿಗೆ 14 ಸುತ್ತು ತಿರುಗಬೇಕು. ಮನೆಯ ಸೀಲಿಂಗ್ ಫ್ಯಾನ್ ಐದರಲ್ಲಿಟ್ಟರೂ ಆರೇಳು ಸುತ್ತು ಅಷ್ಟೇ, ಅಲ್ವಾ?

ಕಲ್ಲು ನೀರಿಗೆ ತಾಗುವುದು ಹಿಂದಿನ ಅಂಚಿನಿಂದ. ನೀರು ಆ ಅಂಚನ್ನು ಮೇಲಕ್ಕೆ ತಳ್ಳುತ್ತದೆ. ಕಲ್ಲು ತಿರುಗದಿದ್ದರೆ ಮೂತಿ ಕೆಳಗಾಗಿ ಸೀದಾ ತಳ ಸೇರುತ್ತದೆ. ತಿರುಗುವ ಕಲ್ಲು ಬುಗುರಿಯ ಹಾಗೆ, ಸುಲಭಕ್ಕೆ ವಾಲುವುದಿಲ್ಲ. ಹಾಗಾಗಿ ಕೊನೆಯ ಕ್ಷಣದಲ್ಲಿ ತೋರುಬೆರಳು ಅಂಚನ್ನು ಸೆಳೆಯುವುದೇ ಮುಖ್ಯ.

ಇನ್ನೊಂದು ಗುಟ್ಟು ಓರೆ. 2004ರಲ್ಲಿ ಬೊಕೆ ಮತ್ತು ಜೊತೆಗಾರರು ಅಲ್ಯೂಮಿನಿಯಂ ಬಿಲ್ಲೆಗಳನ್ನು ಯಂತ್ರದಿಂದ ಎಸೆದು, ವೇಗದ ಕ್ಯಾಮೆರಾದಲ್ಲಿ ನೋಡಿದರು. ಬಿಲ್ಲೆ ನೀರಿಗೆ 20 ಡಿಗ್ರಿ ಓರೆಯಾಗಿದ್ದಾಗ ಅದು ನೀರಿಗೆ ತಾಗಿಕೊಂಡಿರುವ ಹೊತ್ತು ಅತಿ ಕಡಿಮೆ. ತಾಗಿದಷ್ಟೂ ಹೊತ್ತು ನೀರು ವೇಗ ಕಸಿಯುತ್ತದೆ ತಾನೇ? ನಮ್ಮ ಹಂಚಿನ ಮಾಡಿನ ಇಳಿಜಾರಿಗಿಂತ ಸ್ವಲ್ಪ ಕಡಿಮೆ ಅಂತ ಇಟ್ಟುಕೊಳ್ಳಿ.

ಎರಡನೇ ದಿನ ಬೆಳಿಗ್ಗೆ, ಕಡಲ ಗಾಳಿ ಏಳುವ ಮೊದಲೇ ಹೋದೆ. ಬಳಚು ಅನ್ನುವ ಚಿಪ್ಪುಮೀನು ಹೆಕ್ಕಲು ನೀರಿಗೆ ಇಳಿದಿದ್ದ ಅಕ್ಕ ಒಬ್ಬರು ಕೂಗಿದರು: "ತಮಾ, ಹಂಚೆಲ್ಲ ಹೊಳೆಗೆ ಹಾಕ್ತಿಯಲ, ನಮ್ ಕಾಲಿಗೆ ಚುಚ್ತದೆ!" ನಲವತ್ತು ವರ್ಷದಲ್ಲಿ ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಹಂಚು ಬಿಟ್ಟೆ. ಚಿರೆಕಲ್ಲು ತೂತು ತೂತು, ಪ್ರಯೋಜನವಿಲ್ಲ. ಹೊಳೆಯೇ ನಯ ಮಾಡಿದ ಚಪ್ಪಟೆ ಕಲ್ಲುಗಳನ್ನು ಆರಿಸಲು ಅರ್ಧ ಗಂಟೆ ಹಿಡಿಯಿತು.

16 ಆಯಿತು. ತಮ್ಮ ಮೊಬೈಲಿನಲ್ಲಿ ನಿಧಾನ ಮಾಡಿ ನೋಡಿ, 15 ಅಂದ.