ವೀಸಾ ಅರ್ಜಿಯ ಕಾಗದಗಳೆಲ್ಲ ಒಂದೇ ಮಾತು ಹೇಳಬೇಕು

ಬೆಳಗಾವಿ ಭಾಗದಿಂದ ವಿದೇಶ ಪ್ರವಾಸಕ್ಕೆ ಹೊರಡುವವರ ಕಾಗದಪತ್ರ ಸಿದ್ಧಪಡಿಸಿಕೊಡುವ ಕೆಲಸದಲ್ಲಿ ನಾನು ಕಂಡಂತೆ, ಅರ್ಜಿ ತಿರಸ್ಕೃತವಾಗಲು ಹಣದ ಕೊರತೆಗಿಂತ ಕಾಗದಗಳು ಒಂದಕ್ಕೊಂದು ತಾಳೆಯಾಗದಿರುವುದೇ ಹೆಚ್ಚಾಗಿ ಕಾರಣವಾಗುತ್ತದೆ. ಅರ್ಜಿದಾರರ ಮುಖವನ್ನೂ ನೋಡದ ಅಧಿಕಾರಿಯೊಬ್ಬರು ಕಡತವನ್ನಷ್ಟೇ ಮುಂದಿಟ್ಟುಕೊಂಡು, ಇವರು ಯಾರು, ಖರ್ಚಿನ ಹಣ ಎಲ್ಲಿಯದು, ಪ್ರವಾಸ ಮುಗಿಸಿ ಊರಿಗೆ ಮರಳುವರೇ ಎಂಬುದನ್ನು ನಿರ್ಧರಿಸಬೇಕಾಗಿರುತ್ತದೆ.

ನಮ್ಮಲ್ಲಿ ತೊಡಕಾಗುವುದು ಹಣದ ಮೂಲದ ಪ್ರಶ್ನೆ. ಚಿಕ್ಕೋಡಿ, ಗೋಕಾಕ, ಮುಧೋಳ ಕಡೆಯ ಕಬ್ಬು ಬೆಳೆಗಾರರಿಗೆ ಆದಾಯವಿಲ್ಲವೆಂದಲ್ಲ. ಅದು ತಿಂಗಳ ಸಂಬಳದಂತೆ ಬರುವುದಿಲ್ಲ. ಕಾರ್ಖಾನೆಯ ಬಿಲ್ಲು ಜಮೆಯಾದಾಗ ಖಾತೆ ಒಮ್ಮೆಲೇ ತುಂಬುತ್ತದೆ, ಸಾಲ ತೀರಿಸಿ ಗೊಬ್ಬರ ಕೊಂಡ ಮೇಲೆ ಅಷ್ಟೇ ಬೇಗ ಬರಿದಾಗುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ಅನೇಕರು ರಿಟರ್ನ್ ಸಲ್ಲಿಸಿರುವುದೂ ಇಲ್ಲ. ಇಂಥ ಖಾತೆಯ ಕಳೆದ ಮೂರರಿಂದ ಆರು ತಿಂಗಳ ಸ್ಟೇಟ್‌ಮೆಂಟನ್ನು ಹಾಗೆಯೇ ಲಗತ್ತಿಸಿದರೆ, ಮಧ್ಯದಲ್ಲಿ ಕಾಣುವ ನಾಲ್ಕೈದು ಲಕ್ಷದ ಜಮೆ ವೀಸಾಕ್ಕಾಗಿಯೇ ಕೈಗಡ ತಂದ ಹಣವೆಂದು ಅಧಿಕಾರಿಗೆ ತೋರುವುದು ಸಹಜ. ಆದ್ದರಿಂದ ಕಬ್ಬಿನ ತೂಕದ ಚೀಟಿ, ಕಾರ್ಖಾನೆಯ ಬಿಲ್ಲು, ಹೊಲದ ಉತಾರ (ಪಹಣಿ) ಮತ್ತು ಅದರ ಇಂಗ್ಲಿಷ್ ಅನುವಾದವನ್ನು ಜೋಡಿಸಿ, ಯಾವ ದಿನಾಂಕದ ಜಮೆ ಯಾವ ಬಿಲ್ಲಿನದು ಎಂಬುದನ್ನು ಕವರಿಂಗ್ ಲೆಟರಿನಲ್ಲಿ ಒಂದು ಪ್ಯಾರಾದಲ್ಲಿ ಬರೆಯಬೇಕು. ತೆರಿಗೆ ಬರದಿದ್ದರೂ ಕೃಷಿ ಆದಾಯ ತೋರಿಸಿ ವರ್ಷವರ್ಷ ರಿಟರ್ನ್ ಸಲ್ಲಿಸುವುದು ಇನ್ನೂ ಉತ್ತಮ. ಅರ್ಜಿಗೆ ಹದಿನೈದು ದಿನ ಮೊದಲು ಅಳಿಯನಿಂದಲೋ ಸೊಸೈಟಿಯಿಂದಲೋ ಹಣ ತಂದು ಖಾತೆಯಲ್ಲಿ ನಿಲ್ಲಿಸುವ ಉಪಾಯವನ್ನು ಯಾರು ಹೇಳಿಕೊಟ್ಟರೂ ಕೇಳಬಾರದು. ವಿದೇಶದಲ್ಲಿರುವ ಮಗನೇ ಖರ್ಚು ನೋಡಿಕೊಳ್ಳುವುದಾದರೆ ಅದನ್ನೇ ನೇರವಾಗಿ ಬರೆದು, ಅವನ ಆಮಂತ್ರಣ ಪತ್ರ ಮತ್ತು ಸಂಬಳದ ದಾಖಲೆಗಳನ್ನು ಇಡುವುದು ಲೇಸು.

ಇನ್ನು ಹೆಸರು. ಉದಾಹರಣೆಗೆ, ಆಧಾರಿನಲ್ಲಿ ‘ಬಸವರಾಜ ಎಸ್. ಪಾಟೀಲ’, ಶಾಲಾ ದಾಖಲೆಯಲ್ಲಿ ‘ಬಸವರಾಜ ಶಿವಪ್ಪ ಪಾಟೀಲ’, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಕಾಲಂ ಖಾಲಿ ಬಿಟ್ಟು ಬರೀ ‘ಬಸವರಾಜ’ ಎಂದಿರುವುದುಂಟು. ದೇಶದೊಳಗೆ ಇದು ಹೇಗೋ ಸಾಗುತ್ತದೆ. ಆದರೆ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ ತಿಳಿಸಿತು; ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುವುದಾಗಿ ಬಳಿಕ ಸ್ಪಷ್ಟಪಡಿಸಿತು. ದುಬೈಗೆ ಹೋಗುವ ಯೋಚನೆಯುಳ್ಳ ಹಿರಿಯರು ಟಿಕೆಟಿಗೆ ಮೊದಲು ಈ ಎರಡೂ ಪುಟಗಳನ್ನು ತೆರೆದು ನೋಡಬೇಕು, ಅಗತ್ಯವಿದ್ದರೆ ತಿದ್ದುಪಡಿಯೊಂದಿಗೆ ಮರುವಿತರಣೆಗೆ ಅರ್ಜಿ ಹಾಕಬೇಕು. ಟಿಕೆಟಿನಲ್ಲಿಯೂ ಪಾಸ್‌ಪೋರ್ಟಿನ ಅಕ್ಷರಗಳೇ ಇರಬೇಕೇ ಹೊರತು ಮನೆಯಲ್ಲಿ ಕರೆಯುವ ರೂಪವಲ್ಲ.

ಪಾಸ್‌ಪೋರ್ಟಿನ ಅವಧಿಯ ಬಗ್ಗೆ ಬಹುತೇಕರಿಗೆ ಗೊತ್ತಿದೆ: ಸಿಂಗಾಪುರ, ಮಲೇಷ್ಯಾ, ಇಂಡೊನೇಷ್ಯಾಗಳು ತಲುಪುವ ದಿನದಿಂದ ಆರು ತಿಂಗಳು ಕೇಳುತ್ತವೆ. ಒಂದೇ ವೀಸಾದ ಮೇಲೆ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳ ಅವಧಿ ಮತ್ತು ಎರಡು ಖಾಲಿ ಪುಟ ಸಾಕು.

ಷೆಂಗೆನ್ ಒಕ್ಕೂಟದಲ್ಲಿ ಈಗ 29 ದೇಶಗಳಿವೆ. ಎಲ್ಲಿ ಹೆಚ್ಚು ದಿನ ಉಳಿಯುವಿರೋ ಆ ದೇಶಕ್ಕೆ, ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ ಹಾಕಬೇಕೆಂಬುದು ನಿಯಮ. ಬೇಗ ದಿನಾಂಕ ಸಿಗುತ್ತದೆಂದು ಒಂದು ದೇಶಕ್ಕೆ ಅರ್ಜಿ ಹಾಕಿ, ಹೋಟೆಲ್ ಬುಕಿಂಗ್‌ಗಳನ್ನೆಲ್ಲ ಇನ್ನೊಂದು ದೇಶದಲ್ಲಿ ತೋರಿಸುವ ಕಡತ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುತ್ತದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳೊಳಗೆ ಮತ್ತು ಕನಿಷ್ಠ 15 ದಿನ ಮುಂಚೆ ಸಲ್ಲಿಸಬೇಕು. ನಿರ್ಧಾರಕ್ಕೆ 15 ದಿನವೆಂದಿದ್ದರೂ ಅದು 45ರವರೆಗೆ ಹಿಗ್ಗಬಹುದು. ಹಾಗಾಗಿ ವೀಸಾ ಕೈಸೇರುವ ಮುನ್ನ ಹಣ ಮರಳದ ಟಿಕೆಟ್ ಕೊಳ್ಳಬೇಡಿ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿದ್ದು, ಪ್ರವಾಸದ ಕೊನೆಯ ದಿನವನ್ನೂ ಒಳಗೊಂಡಿರಬೇಕು. ವಯಸ್ಕರಿಗೆ ಶುಲ್ಕ 2024ರ ಜೂನಿನಿಂದ 90 ಯೂರೋ ಆಗಿದ್ದು, ವೀಸಾ ಸಿಗದಿದ್ದರೂ ಅದು ವಾಪಸು ಬರುವುದಿಲ್ಲ.

ವೀಸಾ ಬೇಡದ ಕಡೆಗೂ ಕಾಗದ ಬೇಕು. ಥಾಯ್ಲೆಂಡ್ ಭಾರತೀಯರಿಗೆ ವೀಸಾ ವಿನಾಯಿತಿ ಘೋಷಿಸಿದ ಮೇಲೂ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡನ್ನು ಕಡ್ಡಾಯ ಮಾಡಿದೆ. ತಲುಪುವ ಮೊದಲಿನ ಮೂರು ದಿನಗಳೊಳಗೆ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ತುಂಬಬಹುದಾದ ಇದಕ್ಕೆ ಹಣ ಕೇಳುವ ನಕಲಿ ತಾಣಗಳೂ ಇವೆ. ಇಂಥ ವಿನಾಯಿತಿಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರ ಆಯಾ ದೇಶದ ರಾಯಭಾರ ಕಚೇರಿಯ ತಾಣವನ್ನು ಮತ್ತೊಮ್ಮೆ ನೋಡಬೇಕು. ನೇಪಾಳಕ್ಕೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದು 15ಕ್ಕಿಂತ ಚಿಕ್ಕವರಿಗೆ ಮತ್ತು 65 ದಾಟಿದವರಿಗೆ ಮಾತ್ರ.

ವೀಸಾ ಇದ್ದರೂ ಒಳಗೆ ಬಿಡುವ ಅಂತಿಮ ಅಧಿಕಾರ ಗಡಿಯಲ್ಲಿ ಕುಳಿತ ಅಧಿಕಾರಿಯದು. ಅಮೆರಿಕದಲ್ಲಂತೂ ಎಷ್ಟು ದಿನ ಉಳಿಯಬಹುದೆಂಬುದನ್ನು ಅವರೇ ಅಲ್ಲಿ ಗೊತ್ತುಪಡಿಸುತ್ತಾರೆ; ವೀಸಾ ಹತ್ತು ವರ್ಷದ್ದೆಂದ ಮಾತ್ರಕ್ಕೆ ಉಳಿಯಲು ಹತ್ತು ವರ್ಷ ಸಿಕ್ಕಿತೆಂದಲ್ಲ. ಮರಳುವ ಟಿಕೆಟ್, ಹೋಟೆಲಿನ ವಿಳಾಸ, ವಿಮೆಯ ಪ್ರತಿಗಳು ಲಗೇಜಿಗೆ ಹಾಕಿದ ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಬೇಕು. ಪೆಟ್ಟಿಗೆಯ ವಿಷಯ ಬಂದಾಗ ಮಕ್ಕಳಿಗೆಂದು ಒಯ್ಯುವ ತಿನಿಸಿನ ಮಾತನ್ನೂ ಹೇಳಬೇಕು. ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿರುವುದರಿಂದ ನಮ್ಮ ಕುಂದಾ ಅಲ್ಲಿಗೆ ಒಯ್ಯುವಂತಿಲ್ಲ. ಎಮಿರೇಟ್ಸ್‌ನಲ್ಲಿ ಗಸಗಸೆ ನಿಷಿದ್ಧವಾದ್ದರಿಂದ, ಅದನ್ನು ಹಾಕಿದ ಕರದಂಟನ್ನು ದುಬೈ ವಿಮಾನ ಹತ್ತುವ ಮುನ್ನ ಇಲ್ಲಿಯೇ ಬಿಟ್ಟು ಹೋಗಬೇಕು.