ಮುಂಬೈಯ ಹಳೆಯ ಲೋಕಲ್ ರೈಲುಗಳನ್ನು ಒಂದೇ ಸಲಕ್ಕೆ ಏಕೆ ಬದಲಿಸುವುದಿಲ್ಲ?

ಓದುಗರ ಪ್ರಶ್ನೆ: ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಎ.ಸಿ. ಲೋಕಲ್ ಮುಂಬೈಗೆ ಬಂದು ಇಷ್ಟು ವರ್ಷವಾಯಿತು. ಆದರೂ ಜನ ಬಾಗಿಲಲ್ಲಿ ಜೋತುಬಿದ್ದು ಹೋಗುವ ಗಾಡಿಗಳೇ ಇಂದಿಗೂ ಹೆಚ್ಚಾಗಿ ಓಡುತ್ತಿವೆ. ಹಳೆಯವನ್ನೆಲ್ಲ ತೆಗೆದುಹಾಕಿ ಹೊಸ ರೈಲುಗಳನ್ನು ತರಲು ಅಡ್ಡಿಯೇನು?

ಉತ್ತರ: ಡೊಂಬಿವಲಿ, ಮುಲುಂಡ್, ಭಾಯಂದರ್, ವಸಾಯಿಗಳಲ್ಲಿ ನೆಂಟರಿಷ್ಟರಿರುವ ಕನ್ನಡಿಗರ ಮನೆಗಳಲ್ಲಿ ಈ ಪ್ರಶ್ನೆ ಹಿಂದಿನಿಂದಲೂ ಇತ್ತು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ನಿಲ್ದಾಣದ ಬಳಿಯ ತಿರುವಿನಲ್ಲಿ, ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ನಿಂತಿದ್ದವರು ಹಳಿಗೆ ಬಿದ್ದು ಅಂದೇ ನಾಲ್ವರು ಮೃತಪಟ್ಟ ಮೇಲೆ ಅದು ಇನ್ನಷ್ಟು ತೀವ್ರವಾಯಿತು. ಮುಂಬೈಯ ಉಪನಗರ ರೈಲುಮಾರ್ಗಗಳಲ್ಲಿ ವರ್ಷವೊಂದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಅವರಲ್ಲಿ ಹಳಿ ದಾಟುವಾಗ ಸತ್ತವರೂ ಇದ್ದಾರೆ, ಗಾಡಿಯಿಂದ ಬಿದ್ದು ಸತ್ತವರೂ ಇದ್ದಾರೆ. ಇಂಥ ಸ್ಥಿತಿಯಲ್ಲಿ ‘ಹಳೆಯದನ್ನು ತೆಗೆಯಿರಿ, ಹೊಸದನ್ನು ತನ್ನಿ’ ಎಂಬ ಮಾತು ಸಹಜವಾದದ್ದೇ. ಆದರೆ ಮುಂಬೈಯಲ್ಲಿ ಪ್ರತಿಯೊಂದು ರೇಕ್, ಅಂದರೆ ಹನ್ನೆರಡು ಅಥವಾ ಹದಿನೈದು ಡಬ್ಬಿಗಳನ್ನು ಜೋಡಿಸಿದ ಒಂದು ಪೂರ್ಣ ಗಾಡಿ, ವೇಳಾಪಟ್ಟಿಯಲ್ಲಿ ಒಂದು ಜಾಗವನ್ನು ಹಿಡಿದುಕೊಂಡಿರುತ್ತದೆ. ಆ ಜಾಗಕ್ಕೆ ಬರುವ ಹೊಸ ಗಾಡಿ ಹಳೆಯದು ಹೊತ್ತೊಯ್ಯುತ್ತಿದ್ದ ಅಷ್ಟೂ ಜನರನ್ನು, ಅದೇ ನಿಮಿಷದಲ್ಲಿ, ಅವರ ಕೈಗೆಟಕುವ ದರದಲ್ಲಿ ಹೊತ್ತೊಯ್ಯಬೇಕು. ಹಣಕ್ಕಿಂತ ಹೆಚ್ಚಾಗಿ ಈ ಷರತ್ತೇ ಬದಲಾವಣೆಯ ವೇಗವನ್ನು ನಿರ್ಧರಿಸುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ‘ಹಳೆಯದು’ ಎಂದರೆ ಯಾವುದು ಎಂಬುದನ್ನು ನೋಡಬೇಕು. ಭಾರತೀಯ ರೈಲ್ವೆಯ ಲೆಕ್ಕದಲ್ಲಿ ಉಪನಗರ ವಿದ್ಯುತ್ ರೈಲಿನ ಡಬ್ಬಿಯ ಆಯುಷ್ಯ 25 ವರ್ಷ. ಸೀಮೆನ್ಸ್ ಕಂಪನಿಯ ವಿದ್ಯುತ್ ಸಲಕರಣೆಗಳನ್ನು ಅಳವಡಿಸಿ ಚೆನ್ನೈಯ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ಕಟ್ಟಿದ ರೇಕ್‌ಗಳು ಮುಂಬೈಯಲ್ಲಿ ಓಡಲಾರಂಭಿಸಿದ್ದು 2007ರಲ್ಲಿ. ಬೊಂಬಾರ್ಡಿಯರ್ ಸಲಕರಣೆಗಳ ರೇಕ್‌ಗಳು ಬಂದದ್ದು 2015ರಲ್ಲಿ. ಇವೆರಡರ ಬಾಗಿಲುಗಳೂ ತೆರೆದೇ ಇರುತ್ತವೆ, ಎರಡರಲ್ಲೂ ಎ.ಸಿ. ಇಲ್ಲ. ಆದ್ದರಿಂದ ಪ್ರಯಾಣಿಕರು ‘ಹಳೆಯ ಗಾಡಿ’ ಎಂದು ಬೈಯುವ ಗಾಡಿ ಹಲವು ಸಲ ತನ್ನ ಆಯುಷ್ಯದ ಅರ್ಧವನ್ನಷ್ಟೇ ಕಳೆದಿರುತ್ತದೆ. ತೆರೆದ ಬಾಗಿಲು ಆ ಗಾಡಿಯ ವಿನ್ಯಾಸದಿಂದ ಬಂದದ್ದು, ಮುಪ್ಪಿನಿಂದ ಬಂದದ್ದಲ್ಲ. ಇನ್ನೂ ಹತ್ತು ವರ್ಷ ಓಡಬಲ್ಲ ಗಾಡಿಯನ್ನು ವಿನ್ಯಾಸದ ಕಾರಣಕ್ಕಾಗಿ ಗುಜರಿಗೆ ಹಾಕಬೇಕೆ ಎಂಬುದು ಬೇರೆಯೇ ಚರ್ಚೆ. ಸಾರ್ವಜನಿಕ ಮಾತುಕತೆಯಲ್ಲಿ ಈ ಎರಡೂ ಒಂದರೊಳಗೊಂದು ಸೇರಿಹೋಗಿವೆ.

ನಿಜವಾದ ಮುಪ್ಪು ಕಾಣಿಸಿಕೊಳ್ಳುವುದು ಪ್ರಯಾಣಿಕರ ಕಣ್ಣಿಗೆ ಬೀಳದ ಕಡೆ. ಸಮುದ್ರದ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಉಕ್ಕಿನ ದೇಹವನ್ನು, ಅದರಲ್ಲೂ ನೀರು ನಿಲ್ಲುವ ಬಾಗಿಲ ಬುಡ ಮತ್ತು ನೆಲದಡಿಯ ತೊಲೆಗಳನ್ನು, ಒಳಗಿಂದಲೇ ತಿನ್ನುತ್ತದೆ. ರೈಲ್ವೆಯವರು ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂದು ಕರೆಯುವ ದಟ್ಟಣೆಯಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುತ್ತಾರೆ. ಆ ಭಾರವೆಲ್ಲ ಸ್ಪ್ರಿಂಗುಗಳ ಮೇಲೆ, ಚಕ್ರಗಳನ್ನು ಹಿಡಿದಿಡುವ ಬೋಗಿ ಚೌಕಟ್ಟುಗಳ ಮೇಲೆ, ಚಕ್ರಗಳ ಮೇಲೆ ದಿನವಿಡೀ ಬೀಳುತ್ತದೆ. ಇವುಗಳನ್ನು ಮಾಟುಂಗಾ ಮತ್ತು ಮಹಾಲಕ್ಷ್ಮಿಯ ವರ್ಕ್‌ಶಾಪ್‌ಗಳಲ್ಲಿ ನಿಗದಿತ ಅವಧಿಗೊಮ್ಮೆ ಬಿಚ್ಚಿ, ಕೊರೆದು, ಬೆಸೆದು, ಬಣ್ಣ ಬಳಿದು ಮತ್ತೆ ಓಡಿಸುತ್ತಾರೆ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಳೆಯ ಕಾಲದ ಡಿ.ಸಿ. ಮೋಟರ್, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ ಮೋಟರ್, ಮತ್ತು ಅದಕ್ಕೆ ಹಂತಹಂತವಾಗಿ ವಿದ್ಯುತ್ ಬಿಡುವ ಕ್ಯಾಮ್‌ಶಾಫ್ಟ್ ನಿಯಂತ್ರಣ ಒರಟಾದರೂ, ಅನುಭವಿ ಫಿಟ್ಟರ್ ಒಬ್ಬ ಅರ ಹಿಡಿದು ಉಜ್ಜಿ ಸರಿಪಡಿಸಬಹುದಾದಂಥ ಯಂತ್ರವಾಗಿತ್ತು. ಹೊಸ ಪೀಳಿಗೆಯ ಗಾಡಿಗಳಲ್ಲಿ ಉಕ್ಕಿನ ದೇಹಕ್ಕಿಂತ ಮೊದಲೇ ಮುಪ್ಪಾಗುವುದು ಎಲೆಕ್ಟ್ರಾನಿಕ್ಸ್. ಒಂದು ಸರ್ಕ್ಯೂಟ್ ಕಾರ್ಡನ್ನು ತಯಾರಿಸುವುದನ್ನು ಕಂಪನಿ ನಿಲ್ಲಿಸಿತೆಂದರೆ ವರ್ಕ್‌ಶಾಪಿನವರು ಅದನ್ನು ಉಜ್ಜಿ ಸರಿಮಾಡಲಾರರು. ಇಡೀ ನಿಯಂತ್ರಣ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ.

ಮುಂಬೈ ಈ ಹಿಂದೆ ಒಮ್ಮೆ ತನ್ನ ಹಳೆಯ ಗಾಡಿಗಳನ್ನೆಲ್ಲ ಸಂಪೂರ್ಣವಾಗಿ ಬದಲಿಸಿದೆ. ಆ ಕಥೆಯನ್ನು ತಿಳಿದರೆ ಇಂದಿನ ನಿಧಾನದ ಕಾರಣವೂ ಅರ್ಧದಷ್ಟು ತಿಳಿದಂತೆ. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿ 3ರಂದು ಬಾಂಬೆ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ಓಡಿತು. ಅದರ ತಂತಿಯಲ್ಲಿದ್ದದ್ದು 1,500 ವೋಲ್ಟ್ ಡಿ.ಸಿ. ವಿದ್ಯುತ್. ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಕರೆಂಟನ್ನು ಎಳೆಯಬೇಕು. ಅದಕ್ಕೆ ದಪ್ಪ ತಾಮ್ರದ ತಂತಿ ಬೇಕು, ಕೆಲವೇ ಕಿಲೋಮೀಟರಿಗೊಂದರಂತೆ ಸಬ್‌ಸ್ಟೇಷನ್ ಬೇಕು. ಡಬ್ಬಿಗಳೂ ಗಾಡಿಗಳೂ ಹೆಚ್ಚಿದಂತೆ ಈ ವ್ಯವಸ್ಥೆ ಏದುಸಿರು ಬಿಡತೊಡಗಿತು. ದೇಶದ ಉಳಿದ ಕಡೆಗಳಂತೆ 25,000 ವೋಲ್ಟ್ ಎ.ಸಿ. ವಿದ್ಯುತ್ತಿಗೆ (ಇಲ್ಲಿ ಎ.ಸಿ. ಎಂದರೆ ದಿಕ್ಕು ಬದಲಿಸುತ್ತ ಹರಿಯುವ ಪರ್ಯಾಯ ವಿದ್ಯುತ್, ತಂಪು ಗಾಳಿಯ ಎ.ಸಿ. ಅಲ್ಲ) ಹೋಗುವುದೆಂದು ತೀರ್ಮಾನವಾಯಿತು. ಆದರೆ ಒಂದು ರಾತ್ರಿಯಲ್ಲಿ ಇಡೀ ಜಾಲದ ತಂತಿಯನ್ನು ಬದಲಿಸಲಾಗದು. ತಂತಿ ಬದಲಾದ ಕಡೆ ಹಳೆಯ ಗಾಡಿ ಓಡದು, ಬದಲಾಗದ ಕಡೆ ಹೊಸ ಗಾಡಿ ಓಡದು. ಆದ್ದರಿಂದ ಎರಡೂ ವೋಲ್ಟೇಜಿನಲ್ಲಿ ಓಡಬಲ್ಲ ರೇಕ್‌ಗಳನ್ನು ಮೊದಲು ತಂದು, ಅವುಗಳ ಸಂಖ್ಯೆ ಸಾಕಷ್ಟು ಹೆಚ್ಚಿದ ಮೇಲೆ ಮಾರ್ಗದ ಒಂದೊಂದೇ ಭಾಗವನ್ನು ಬದಲಿಸುತ್ತ ಹೋದರು. ಹೆಚ್ಚಿನ ವೋಲ್ಟೇಜಿಗೆ ತಂತಿಯ ಸುತ್ತ ಹೆಚ್ಚು ಅಂತರ ಬೇಕಾದುದರಿಂದ ಕೆಲವೆಡೆ ಹಳೆಯ ಮೇಲ್ಸೇತುವೆಗಳಡಿ ಹಳಿಯನ್ನೇ ತಗ್ಗಿಸಬೇಕಾಯಿತು. ಮುಂಬೈಯ ಲೋಕಲ್‌ಗಳನ್ನು ಓಡಿಸುವ ಎರಡು ರೈಲ್ವೆ ವಲಯಗಳಲ್ಲಿ ಪಶ್ಚಿಮ ರೈಲ್ವೆಯ ಮಾರ್ಗ 2012ರಲ್ಲಿ, ಮಧ್ಯ ರೈಲ್ವೆಯ ಮುಖ್ಯ ಮಾರ್ಗ 2015ರಲ್ಲಿ, ಕೊನೆಗೆ ಹಾರ್ಬರ್ ಮಾರ್ಗ 2016ರ ಏಪ್ರಿಲ್‌ನಲ್ಲಿ ಪೂರ್ಣವಾಗಿ ಬದಲಾದವು. ಡಿ.ಸಿ. ವಿದ್ಯುತ್ ಆರಂಭವಾದ ಹಳಿಯ ಮೇಲೆಯೇ ಅದರ ಕೊನೆಯ ಗಾಡಿಯೂ ಓಡಿತು. ಆ ಕಾಲದ ರೇಕ್‌ಗಳು ಅಲ್ಲಿಗೆ ನಿವೃತ್ತವಾದವು.

ಆ ಬದಲಾವಣೆಯ ಲಾಭ ಪ್ರಯಾಣಿಕರಿಗೆ ತಿಳಿದದ್ದು ಸ್ವಲ್ಪವೇ. ಹಳೆಯ ಗಾಡಿ ಬ್ರೇಕ್ ಹಾಕಿದಾಗ ಅದರ ಓಟದ ಶಕ್ತಿಯೆಲ್ಲ ಶಾಖವಾಗಿ ವ್ಯರ್ಥವಾಗುತ್ತಿತ್ತು; ಮೂರು ಫೇಸ್‌ಗಳ ಮೋಟರ್ ಇರುವ ಹೊಸ ರೇಕ್‌ಗಳು ಬ್ರೇಕ್ ಹಾಕುವಾಗ ಅದೇ ಮೋಟರನ್ನು ಜನರೇಟರ್ ಆಗಿ ಬಳಸಿ, ಸೆಳೆದ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಭಾಗವನ್ನು ತಂತಿಗೆ ಹಿಂತಿರುಗಿಸುತ್ತವೆ. ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲುವ ಸ್ಲೋ ಲೋಕಲ್‌ಗೆ ಇದು ಸಣ್ಣ ಉಳಿತಾಯವಲ್ಲ. ಛಾವಣಿಯಿಂದ ಗಾಳಿಯೂಡುವ ವ್ಯವಸ್ಥೆ ಬಂದದ್ದೂ ಸೀಮೆನ್ಸ್ ರೇಕ್‌ಗಳೊಂದಿಗೇ.

ಇನ್ನು ತಂಪು ಗಾಳಿಯ ಎ.ಸಿ. ಲೋಕಲ್‌ನ ವಿಷಯ. ಮೊದಲ ಎ.ಸಿ. ರೇಕ್ ಚೆನ್ನೈಯಿಂದ 2016ರ ಏಪ್ರಿಲ್‌ನಲ್ಲಿ ಕುರ್ಲಾ ಕಾರ್‌ಶೆಡ್‌ಗೆ ಬಂತು. ಜನರನ್ನು ಹತ್ತಿಸಿಕೊಂಡು ಓಡಿದ್ದು 2017ರ ಡಿಸೆಂಬರ್ 25ರಂದು, ಅದೂ ಕುರ್ಲಾ ಇರುವ ಮಧ್ಯ ರೈಲ್ವೆಯಲ್ಲಲ್ಲ, ಪಶ್ಚಿಮ ರೈಲ್ವೆಯಲ್ಲಿ. ಮಧ್ಯ ರೈಲ್ವೆಯ ದಕ್ಷಿಣ ಮುಂಬೈ ಭಾಗದ ಬ್ರಿಟಿಷರ ಕಾಲದ ತಗ್ಗು ಮೇಲ್ಸೇತುವೆಗಳಿಗೆ ಅದರ ಎತ್ತರ ಹೊಂದಲಿಲ್ಲ. ಕಟ್ಟಿಸಿದ ಗಾಡಿ ಹಳಿಗೆ ಬಂದ ಮೇಲೆ ಸೇತುವೆಯ ಎತ್ತರ ನೆನಪಾದದ್ದು ಯೋಜನೆಯ ಶಿಸ್ತಿನ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು. ವಿದ್ಯುತ್ ಸಲಕರಣೆಗಳನ್ನು ಡಬ್ಬಿಯ ನೆಲದಡಿಗೆ ಸಾಗಿಸಿದ ವಿನ್ಯಾಸದ ರೇಕ್ ಮಧ್ಯ ರೈಲ್ವೆಯಲ್ಲಿ, ಥಾಣೆಯಿಂದ ನವಿ ಮುಂಬೈ ಕಡೆಗೆ ಹೋಗುವ ಟ್ರಾನ್ಸ್-ಹಾರ್ಬರ್ ಮಾರ್ಗದಲ್ಲಿ, 2020ರ ಜನವರಿ ಕೊನೆಯಲ್ಲಿ ಬಂತು. ಅದಕ್ಕೆ ಹಸಿರು ನಿಶಾನೆ ತೋರಿದವರು ಬೆಳಗಾವಿಯ ಸಂಸದರೂ ಅಂದಿನ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ್ ಅಂಗಡಿ.

ಎತ್ತರದ ತೊಡಕಿಗಿಂತ ಕಠಿಣವಾದದ್ದು ವೇಳಾಪಟ್ಟಿಯ ತೊಡಕು. ಕೋವಿಡ್‌ಗೆ ಮೊದಲು ದಿನಕ್ಕೆ ಸುಮಾರು 75 ಲಕ್ಷ ಪ್ರಯಾಣಿಕರನ್ನು ಮುಂಬೈಯ ಲೋಕಲ್‌ಗಳು ಹೊತ್ತೊಯ್ಯುತ್ತಿದ್ದವು. ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯ ವೇಳೆಯಲ್ಲಿ ಒಂದೇ ಹಳಿಯಲ್ಲಿ ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ ಹೋಗುತ್ತದೆ; ಈಗಿನ ಸಿಗ್ನಲ್ ವ್ಯವಸ್ಥೆಯಲ್ಲಿ ಅದಕ್ಕಿಂತ ಒತ್ತಾಗಿ ಓಡಿಸಲಾಗದು. ಹೀಗಾಗಿ ಆ ವೇಳೆಯಲ್ಲಿ ಎ.ಸಿ. ಗಾಡಿಯೊಂದನ್ನು ಸೇರಿಸಬೇಕೆಂದರೆ ಸಾಮಾನ್ಯ ಗಾಡಿಯೊಂದನ್ನು ತೆಗೆಯಲೇಬೇಕು. 2022ರ ಮೇನಲ್ಲಿ ಎ.ಸಿ. ಲೋಕಲ್‌ನ ಬಿಡಿ ಟಿಕೆಟ್ ದರವನ್ನು ಅರ್ಧಕ್ಕೆ ಇಳಿಸಿದ ಮೇಲೆ ಬೇಡಿಕೆ ಹೆಚ್ಚಿತು. ಆಗಸ್ಟ್‌ನಲ್ಲಿ ಮಧ್ಯ ರೈಲ್ವೆ ಹತ್ತು ಸಾಮಾನ್ಯ ಸೇವೆಗಳ ಜಾಗದಲ್ಲಿ ಎ.ಸಿ. ಸೇವೆಗಳನ್ನು ಓಡಿಸಿತು. ಕಳವಾ ಮತ್ತು ಬದಲಾಪುರದ ಪ್ರಯಾಣಿಕರು ಪ್ರತಿಭಟನೆಗಿಳಿದರು. ತಾವು ದಿನವೂ ಹಿಡಿಯುತ್ತಿದ್ದ ಗಾಡಿ ಒಂದು ಬೆಳಿಗ್ಗೆ ಎ.ಸಿ. ಗಾಡಿಯಾಗಿ ಬಂದು ನಿಂತರೆ ಸೆಕೆಂಡ್ ಕ್ಲಾಸ್ ಪಾಸ್ ಇರುವವರು ಅದನ್ನು ಹತ್ತುವಂತಿಲ್ಲ. ಅವರೆಲ್ಲ ಮುಂದಿನ ಗಾಡಿಯ ಬಾಗಿಲಿಗೆ ಜೋತುಬೀಳಬೇಕು. ಕೆಲವೇ ದಿನಗಳಲ್ಲಿ ಆ ಹತ್ತೂ ಸೇವೆಗಳನ್ನು ರೈಲ್ವೆ ಹಿಂತೆಗೆದುಕೊಂಡಿತು.

ಈ ಪ್ರಸಂಗವನ್ನು ‘ಜನ ಹೊಸತನ್ನು ವಿರೋಧಿಸಿದರು’ ಎಂದು ಓದುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕನಿಷ್ಠ ಐದು ರೂಪಾಯಿಯ ಸೆಕೆಂಡ್ ಕ್ಲಾಸ್ ಟಿಕೆಟ್‌ಗೂ ಅದರ ಹಲವು ಪಟ್ಟು ಬೆಲೆಯ ಎ.ಸಿ. ಟಿಕೆಟ್‌ಗೂ ನಡುವೆ ಇರುವ ಅಂತರವನ್ನು ಹಾಗೆಯೇ ಉಳಿಸಿಕೊಂಡು ಗಾಡಿಯನ್ನು ಬದಲಿಸಿದರೆ, ಸುರಕ್ಷಿತ ಗಾಡಿಯಲ್ಲಿ ಕೂರುವವರು ಒಬ್ಬರಾಗುತ್ತಾರೆ, ಅದಕ್ಕಾಗಿ ಹೆಚ್ಚಿನ ದಟ್ಟಣೆಯನ್ನು ಸಹಿಸುವವರು ಇನ್ನೊಬ್ಬರಾಗುತ್ತಾರೆ. ಪ್ರತಿಭಟಿಸಿದವರು ಹೇಳಿದ್ದು ಅದನ್ನೇ.

ಹಾಗಾದರೆ ಈಗಿರುವ ಸಾಮಾನ್ಯ ಗಾಡಿಗಳಿಗೇ ಬಾಗಿಲು ಜೋಡಿಸಬಾರದೇ ಎಂದು ಕೇಳಬಹುದು. ಆ ಪ್ರಯೋಗಕ್ಕೆ ಎದುರಾಗುವ ದೊಡ್ಡ ಕಂಟಕ ಗಾಳಿ. ಈ ಡಬ್ಬಿಗಳ ಅಗಲ 3.66 ಮೀಟರ್, ಅಂದರೆ ಹನ್ನೆರಡು ಅಡಿ. ಅಷ್ಟು ಅಗಲದ, ತುಂಬಿ ತುಳುಕುವ ಡಬ್ಬಿಯ ನಡುಭಾಗದಲ್ಲಿ ನಿಂತವರಿಗೆ ಉಸಿರಾಡಲು ಸಿಗುವ ಗಾಳಿಯ ಬಹುಪಾಲು ತೆರೆದ ಬಾಗಿಲಿನಿಂದಲೇ ಬರುತ್ತದೆ. ಅದನ್ನು ಮುಚ್ಚಿ ಬೇರೇನನ್ನೂ ಮಾಡದಿದ್ದರೆ ಮೇ ತಿಂಗಳ ಸೆಕೆಯಲ್ಲಿ ಒಳಗಿನವರ ಪಾಡು ಹೇಳತೀರದು. ಮುಂಬ್ರಾ ದುರಂತದ ನಂತರ ರೈಲ್ವೆ ಪ್ರಕಟಿಸಿದ ಎ.ಸಿ. ರಹಿತ ಹೊಸ ವಿನ್ಯಾಸ ಇದಕ್ಕೆ ಮೂರು ಉಪಾಯಗಳನ್ನು ಸೂಚಿಸಿತು: ಗಾಳಿ ನುಸುಳುವ ಪಟ್ಟಿಗಳಿರುವ ಬಾಗಿಲು, ಛಾವಣಿಯಿಂದ ಹೊರಗಾಳಿಯನ್ನು ಒಳಕ್ಕೆ ತಳ್ಳುವ ಯಂತ್ರ, ಮತ್ತು ಜನ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಂಚಿಹೋಗಲು ಡಬ್ಬಿಗಳ ನಡುವೆ ಹಾದಿ. ಗಾಳಿಯ ಸಮಸ್ಯೆ ಬಗೆಹರಿದರೂ ಸಮಯದ ಸಮಸ್ಯೆ ಉಳಿಯುತ್ತದೆ. ಒಂದು ನಿಲ್ದಾಣದಲ್ಲಿ ಲೋಕಲ್ ನಿಲ್ಲುವುದು ಅರ್ಧ ನಿಮಿಷದ ಆಸುಪಾಸು. ಒಬ್ಬರ ಬ್ಯಾಗು ಸಿಕ್ಕಿಕೊಂಡು ಒಂದು ಬಾಗಿಲು ಮುಚ್ಚದಿದ್ದರೆ ಇಡೀ ಗಾಡಿ ನಿಲ್ಲುತ್ತದೆ, ಅದರ ಹಿಂದಿನ ಗಾಡಿಯೂ ನಿಲ್ಲುತ್ತದೆ; ಈಗಿನ ಎ.ಸಿ. ಲೋಕಲ್‌ಗಳಲ್ಲಿ ಇದು ಆಗಾಗ ನಡೆಯುತ್ತಿದೆ. ಆದ್ದರಿಂದ ಮುಚ್ಚುವ ಬಾಗಿಲಿಗೆ ಹೊಸ ಸಿಗ್ನಲ್ ವ್ಯವಸ್ಥೆ, ಹೆಚ್ಚುವರಿ ಹಳಿ, ಹದಿನೈದು ಡಬ್ಬಿಗಳಿಗೆ ಸಾಲುವಷ್ಟು ಉದ್ದದ ಪ್ಲಾಟ್‌ಫಾರ್ಮ್ ಇವೆಲ್ಲ ಜೊತೆಯಾಗಬೇಕು. ಪಶ್ಚಿಮ ರೈಲ್ವೆ 2009ರಲ್ಲೇ ಹದಿನೈದು ಡಬ್ಬಿಗಳ ಲೋಕಲ್ ಓಡಿಸಲು ಆರಂಭಿಸಿತು. ವೇಳಾಪಟ್ಟಿಯ ಅದೇ ಜಾಗದಲ್ಲಿ ಕಾಲುಭಾಗ ಹೆಚ್ಚು ಜನ ಹೋಗಬಲ್ಲ ಈ ಕ್ರಮಕ್ಕೆ ಎ.ಸಿ.ಗೆ ಸಿಕ್ಕಷ್ಟು ಪ್ರಚಾರ ಸಿಗಲಿಲ್ಲ. ಬಾಗಿಲಲ್ಲಿ ಜೋತುಬಿದ್ದವನಿಗೆ ಮಾತ್ರ ಅದರಿಂದಲೇ ಬೇಗ ಪ್ರಯೋಜನ ಎಂದು ನಾನು ಭಾವಿಸುತ್ತೇನೆ.

ಈಗ ಮುಂದಿರುವ ಯೋಜನೆ ಹೀಗಿದೆ. 1999ರಲ್ಲಿ ಸ್ಥಾಪನೆಯಾದ ಮುಂಬೈ ರೈಲ್ವೆ ವಿಕಾಸ ನಿಗಮವು ಮುಂಬೈ ನಗರ ಸಾರಿಗೆ ಯೋಜನೆಯ 3 ಮತ್ತು 3-ಎ ಹಂತಗಳಡಿ 238 ರೇಕ್‌ಗಳನ್ನು, ಅಂದರೆ ಹನ್ನೆರಡು ಡಬ್ಬಿಯಂತೆ ಲೆಕ್ಕ ಹಾಕಿದರೆ 2,856 ಡಬ್ಬಿಗಳನ್ನು, ತರಿಸಲು ಹೊರಟಿದೆ. ಇವೆಲ್ಲ ಬಾಗಿಲು ಮುಚ್ಚುವ, ಡಬ್ಬಿಯಿಂದ ಡಬ್ಬಿಗೆ ಹಾದಿಯಿರುವ ಗಾಡಿಗಳು. ಇಲ್ಲಿ ಲೆಕ್ಕಿಸಬೇಕಾದ ದಿನಾಂಕ ಇನ್ನೊಂದಿದೆ: 2007ರಲ್ಲಿ ಬಂದ ಸೀಮೆನ್ಸ್ ರೇಕ್‌ಗಳ 25 ವರ್ಷದ ಆಯುಷ್ಯ 2032ರಿಂದ ಮುಗಿಯತೊಡಗುತ್ತದೆ. ಹೊಸ ರೇಕ್‌ಗಳು ಅದಕ್ಕೆ ಮೊದಲೇ ಸಾಕಷ್ಟು ಸಂಖ್ಯೆಯಲ್ಲಿ ಬಂದರೆ ಅವು ಹೆಚ್ಚುವರಿ ಗಾಡಿಗಳಾಗುತ್ತವೆ. ತಡವಾಗಿ ಬಂದರೆ ನಿವೃತ್ತವಾಗುವ ಗಾಡಿಗಳ ಜಾಗವನ್ನು ತುಂಬುವುದರಲ್ಲೇ ಅವು ಮುಗಿದುಹೋಗುತ್ತವೆ, ದಟ್ಟಣೆ ಇದ್ದಲ್ಲೇ ಇರುತ್ತದೆ. ಕುರ್ಲಾ, ಕಳವಾ, ಸಾನ್‌ಪಾಡಾ, ಕಾಂದಿವಲಿ, ವಿರಾರ್‌ನ ಕಾರ್‌ಶೆಡ್‌ಗಳಲ್ಲಿ ಇಷ್ಟೊಂದು ಹೊಸ ಗಾಡಿಗಳನ್ನು ರಾತ್ರಿ ನಿಲ್ಲಿಸಲು, ತೊಳೆಯಲು, ದುರಸ್ತಿ ಮಾಡಲು ಜಾಗವಿಲ್ಲ. ಅದಕ್ಕಾಗಿಯೇ ಈ ರೇಕ್‌ಗಳ ಯೋಜನೆಯೊಳಗೆ ಮಧ್ಯ ರೈಲ್ವೆಯ ಭಿವಪುರಿ ಮತ್ತು ಪಶ್ಚಿಮ ರೈಲ್ವೆಯ ವಾಣಗಾಂವ್‌ನಲ್ಲಿ ಎರಡು ಹೊಸ ಡಿಪೋಗಳ ನಿರ್ಮಾಣವನ್ನೂ ಸೇರಿಸಲಾಗಿದೆ. ಮುಂಬೈಯ ಲೋಕಲ್‌ಗಳು ಎಷ್ಟು ಬೇಗ ಬದಲಾಗಲಿವೆ ಎಂದು ತಿಳಿಯಬೇಕೆನ್ನುವವರು ಉದ್ಘಾಟನೆಯ ಸುದ್ದಿಗಿಂತ ಆ ಎರಡು ಡಿಪೋಗಳ ಕಾಮಗಾರಿಯನ್ನು ಗಮನಿಸುತ್ತಿರುವುದು ಒಳ್ಳೆಯದು.